ಇಶ್ತಿಹಾರ ಕೊಟ್ಟವರ ಪಜೀತಿ

ಪತ್ರಿಕೆಗೆ ಜಾಹೀರಾತು ಕೊಟ್ಟವರು ಸಂಪಾದಕರನ್ನೂ ಜೊತೆಗೇ ಕೊಂಡುಕೊಂಡೆವು ಅಂದುಕೊಳ್ಳುವುದು ಇವತ್ತಿನ ರೋಗವಲ್ಲ. ಪೊಲೀಸ್ ಆಕ್ಷನ್ ಆಗಿ ನಿಜಾಮರ ದರ್ಬಾರು ಮುಗಿದ ಹೊಸತರಲ್ಲಿ ನಾನು ಬೀದರಿನ ಒಂದು ವಾರಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಜಾಹೀರಾತಿಗೆ ಆಗಿನ್ನೂ ಎಲ್ಲರೂ ‘ಇಶ್ತಿಹಾರ’ ಅಂತಲೇ ಅನ್ನುತ್ತಿದ್ದರು. ನಮ್ಮ ಸಂಪಾದಕರದು ಒಂದೇ ಹಟ: ಇಶ್ತಿಹಾರ ಕೊಟ್ಟವರಿಗೆ ಜಾಗ ಸಿಗುತ್ತದೆ, ಸುದ್ದಿಯ ಮೇಲೆ ಹಕ್ಕು ಸಿಗುವುದಿಲ್ಲ.

ಯಾರ ಪಕ್ಕ?

ಭಾಲ್ಕಿಯ ಬೇಳೆ ವ್ಯಾಪಾರಿಯೊಬ್ಬರು ಇಶ್ತಿಹಾರ ತಂದರು. “ಸರ್ಕಾರಕ್ಕ ಬೈಯೋ ಸುದ್ದಿ ಪಕ್ಕ ಹಾಕಬ್ಯಾಡ್ರಿ,” ಅಂದರು.

“ಹೊಗಳೋ ಸುದ್ದಿ ಪಕ್ಕ ಹಾಕ್ಲೇನ್ರಿ?” ಸಂಪಾದಕರು ಕೇಳಿದರು.

“ಅಯ್ಯೋ, ನಿಜಾಮರ ಮಂದಿ ತಿರುಗಿ ಬಂದ್ರ ನನ್ನ ಗತಿ?”

“ಮತ್ತ ಎಲ್ಲಿ ಹಾಕಬೇಕ್ರಿ?”

“ಸತ್ತವರ ಸುದ್ದಿ ಬಾಜೂಕ ಹಾಕ್ರಿ. ಅವರು ಯಾರ ಕಡಿನೂ ಇಲ್ಲ.”

ಧೋತರ

ನಮಗೆ ಇಶ್ತಿಹಾರ ಕೊಡುತ್ತಿದ್ದ ಔರಾದದ ಬಟ್ಟೆ ಸಾಹುಕಾರರು ಅಳತೆಯಲ್ಲಿ ಮೋಸ ಮಾಡುತ್ತಾರೆಂದು ಗಿರಾಕಿಗಳ ದೂರು ಬಂದಿತ್ತು. ಅದನ್ನು ಅಚ್ಚು ಹಾಕಬೇಡಿ ಅಂತ ಕೇಳಲು ಅವರೇ ಒಂದು ಧೋತರ ಹಿಡಿದು ಬಂದರು. ಸಂಪಾದಕರು ಬೇಡ ಅನ್ನಲಿಲ್ಲ. ಮಡಿಕೆ ಬಿಚ್ಚಿ, ಅವರೆದುರಿಗೇ ಮೊಳ ಹಾಕಿ ಅಳೆದರು. ಗೇಣು ಕಡಿಮೆ!

“ಏನ್ರಿ ಸಾವಕಾರ್ರ, ಲಂಚದಾಗೂ ಹೊಡದೀರಲ್ಲ?”

ಸಾಹುಕಾರರು ತಲೆ ಕೆರೆದುಕೊಂಡರು. “ಬೇಕಂತ ಮಾಡಿಲ್ರಿ. ಕೈಗೆ ರೂಢಿ ಆಗ್ಯಾದ.”

ಖಾಲಿ ಜಾಗ

ನಮ್ಮ ಪತ್ರಿಕೆ ಉಸಿರಾಡುತ್ತಿದ್ದುದೇ ಬೀದರಿನ ತುಪ್ಪದ ಸಾಹುಕಾರರ ಇಶ್ತಿಹಾರದಿಂದ. ಅವರ ತುಪ್ಪದಲ್ಲಿ ವನಸ್ಪತಿ ಬೆರಕೆ ಇದೆಯೆಂದು ಸಂಪಾದಕರು ಬರೆದೇಬಿಟ್ಟರು. ಸಾಹುಕಾರರು ಕೆಂಡವಾಗಿ ಇಶ್ತಿಹಾರ ವಾಪಸು ಪಡೆದರು. ಪತ್ರಿಕೆ ಮುಚ್ಚಿದರೆ ನಮ್ಮ ಮನೆಯ ಒಲೆ ಹೊತ್ತುವುದು ಹೇಗೆ ಅಂತ ನನಗೆ ನಿಜಕ್ಕೂ ಹೆದರಿಕೆಯಾಯಿತು.

“ಆ ಜಾಗದಾಗ ಏನು ಜೋಡಿಸ್ಲಿ ರೀ?” ಅಂದೆ.

“ಖಾಲಿ ಬಿಡು. ಕೆಳಗ ಒಂದೇ ಸಾಲು ಹಾಕು: ‘ಸುದ್ದಿ ಓದಿ ಸಿಟ್ಟಾಗಿ ಎದ್ದು ಹೋದ ತುಪ್ಪದ ಸಾಹುಕಾರರ ಜಾಗ.’”

ಊರೆಲ್ಲ ಆ ಖಾಲಿ ಜಾಗವನ್ನೇ ಓದಿತು. ತುಪ್ಪ ಮೂಸಿ ನೋಡಲು ಅಂಗಡಿ ಮುಂದೆ ಮಂದಿಯೋ ಮಂದಿ. ಬೇರೆ ದಾರಿಯಿಲ್ಲದೆ ಸಾಹುಕಾರರು ಅಸಲಿ ತುಪ್ಪ ಇಟ್ಟರು, ವ್ಯಾಪಾರ ಮೊದಲಿಗಿಂತ ಜೋರಾಯಿತು. ಓಡಿ ಬಂದು, “ನಂದು ಇಶ್ತಿಹಾರ ತಿರುಗಿ ಹಾಕ್ರಪಾ. ಸುದ್ದಿ ಏನರ ಬರ್ಕೋರಿ,” ಅಂದರು. ನನಗೆ ಹೋದ ಜೀವ ಬಂತು.

ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಮೈಲೂರಿನ ಚಹಾದಂಗಡಿಯವನು ಹತ್ತಿ ಬಂದ.

“ನಾ ಹಾಲಿಗೆ ನೀರು ಹಾಕ್ತೇನಿ ಅಂತ ಬರೀರಿ. ಸಿಟ್ಟಾಗಿ ಇಶ್ತಿಹಾರ ವಾಪಸ್ ತಗೋತೇನಿ.”

“ನೀ ಇಶ್ತಿಹಾರ ಕೊಟ್ಟೇ ಇಲ್ಲಲ್ಲೋ?” ಅಂದರು ಸಂಪಾದಕರು.

“ಕೊಡೋದು ಯಾಕ್ರಿ? ವಾಪಸ್ ತಗೊಂಡ್ರ ಸಾಕಲ್ಲ!”