ನೀಲಾವತಿ ಟೀಚರ್ ವಜ್ರ ಕೊಂಡದ್ದು

ಪದ್ಮಯ್ಯ: ವಜ್ರ ಎಂತಕ್ಕೆ ಮಾರಾಯ್ತಿ? ತಿನ್ಲಿಕ್ಕೆ ಆಗ್ತದಾ?

ನೀಲಾವತಿ: ಚಿನ್ನ ತಿಂದವರು ಯಾರಾದ್ರೂ ಉಂಟಾ ಅರಂತೋಡಿನಲ್ಲಿ?

ಪದ್ಮಯ್ಯ: ಚಿನ್ನ ಹಾಗಲ್ಲ. ಚಿನ್ನ ಆಪತ್ತಿಗೆ ಆಗ್ತದೆ.

ನೀಲಾವತಿ: ಯಾರ ಆಪತ್ತಿಗೆ?

ಪದ್ಮಯ್ಯ: ಯಾರದ್ದು ಅಂದ್ರೆ? ಮನೆ ಆಪತ್ತಿಗೆ! ಒಂದು ಒಳ್ಳೆ ಚಿನ್ನದ ನಾಣ್ಯ ತೆಗೊ. ಕಪಾಟಿನಲ್ಲಿ ಇಡು. ಅದು ಅಲ್ಲಿ ಸುಮ್ಮನೆ ಕೂತು ಬೆಳೀತದೆ.

ನೀಲಾವತಿ: ನಿಮ್ಮ ಹಾಗೆ.

ಈ ಮಾತು ಶುರುವಾದದ್ದು ಅರಂತೋಡಿನ ಮನೆಯಂಗಳದಲ್ಲಿ. ಬಸ್ಸಿನಲ್ಲಿ ಅದು ನಿಲ್ಲಲಿಲ್ಲ. ಈಗ ಸುಳ್ಯ ಪೇಟೆಯ ಒಂದು ಚಿನ್ನದಂಗಡಿಯ ಮೆಟ್ಟಿಲು ಹತ್ತಿ, ವಜ್ರ ಮಾರುವ ಮೇಲಿನ ಮಾಳಿಗೆಗೆ ಬಂದು ಕುರ್ಚಿಯಲ್ಲಿ ಕೂತಿತ್ತು. ನೀಲಾವತಿ ಅಂಗನವಾಡಿ ಟೀಚರ್ ಆಗಿದ್ದವರು, ಮೊನ್ನೆ ಮೊನ್ನೆ ನಿವೃತ್ತಿಯಾದವರು. ಆಗ ಕೈಗೆ ಸಿಕ್ಕಿದ ಹಣದಲ್ಲಿ ತನಗೊಂದು ವಜ್ರ ತೆಗೆದುಕೊಳ್ಳಬೇಕೆಂದು ಹೊರಟಿದ್ದರು. ಗಂಡ ಪದ್ಮಯ್ಯ ಯಾರೂ ಕರೆಯದೆ ಜೊತೆಗೆ ಹೊರಟಿದ್ದರು. ಮನೆಯಲ್ಲಿ ಇಬ್ಬರದೂ ಅರೆಭಾಷೆ. ಹೊರಗೆ ಬಂದರೆ ಕನ್ನಡದಲ್ಲಿ ಜಗಳ; ಆಗ ಜಗಳಕ್ಕೂ ಸ್ವಲ್ಪ ಇಸ್ತ್ರಿ ಹಾಕಿದ ಹಾಗೆ ಇರುತ್ತದೆ.

ಕೌಂಟರಿನ ಆಚೆಯಿಂದ ಕರಿ ಮಖಮಲ್ಲಿನ ಟ್ರೇ ಹಿಡಿದು ಒಬ್ಬ ಬಂದ.

ಫಯಾಝ್: ಬನ್ನಿ ಅಮ್ಮ, ಎಂತ ತೋರಿಸ್ಲಿ… ಅಯ್ಯೋ! ನೀಲಾವತಿ ಟೀಚರ್!

ನೀಲಾವತಿ: (ಕನ್ನಡಕ ಮೇಲೆ ಮಾಡಿ) ಫಯಾಝಾ? ಮೂಲೆಯಲ್ಲಿ ಕೂತು ಸೀಮೆಸುಣ್ಣ ತಿಂತಿದ್ದ ಫಯಾಝಾ?

ಫಯಾಝ್: (ಆಚೀಚೆ ನೋಡಿ) ಮೆಲ್ಲ ಟೀಚರ್! ನಾನೀಗ ಡೈಮಂಡ್ ಸೆಕ್ಷನ್ನಿನ ಇನ್‌ಚಾರ್ಜ್.

ನೀಲಾವತಿ: ಒಳ್ಳೇದಾಯ್ತು. ಬಿಳಿ ವಸ್ತು ಅಂದ್ರೆ ನಿನಗೆ ಆಗಲೂ ಇಷ್ಟ.

ಪದ್ಮಯ್ಯ: ಫಯಾಝ್, ನಿನ್ನ ಟೀಚರಿಗೆ ನೀನಾದ್ರೂ ಸ್ವಲ್ಪ ಬುದ್ಧಿ ಹೇಳು ಮಾರಾಯ.

ಫಯಾಝ್: ನಾನಾ ಅಣ್ಣ? ಟೀಚರಿಗಾ?

ನೀಲಾವತಿ: ಬುದ್ಧಿ ಬೇಡ. ವಜ್ರ ನೋಡುದು ಹೇಗೆ, ಅದು ಹೇಳು.

ಫಯಾಝ್ ಬೆನ್ನು ನೆಟ್ಟಗೆ ಮಾಡಿ ಪಾಠ ಒಪ್ಪಿಸುವವನ ಹಾಗೆ ನಿಂತ.

ಫಯಾಝ್: ನಾಲ್ಕು ವಿಷಯ ನೋಡ್ಬೇಕು ಟೀಚರ್. ಕಟ್, ಕಲರ್, ಕ್ಲಾರಿಟಿ, ಕ್ಯಾರೆಟ್.

ಪದ್ಮಯ್ಯ: ಕ್ಯಾರೆಟ್ ನನಗೆ ಗೊತ್ತುಂಟು. ಕೊಡುದಾದ್ರೆ ಇಪ್ಪತ್ತೆರಡು ಕ್ಯಾರೆಟಿಂದೇ ಕೊಡು. ಅದಕ್ಕಿಂತ ಕಡಿಮೆದು ನಮಗೆ ಬೇಡ.

ಫಯಾಝ್: ಅಣ್ಣ, ಇಪ್ಪತ್ತೆರಡು ಕ್ಯಾರೆಟಿನ ವಜ್ರ ಬೇಕಾದ್ರೆ ನೀವು ತೋಟ ಮಾರ್ಬೇಕು.

ಪದ್ಮಯ್ಯ: ಎಂತ! ಮೇಲಿನ ರಬ್ಬರ್ ತೋಟವಾ?

ಫಯಾಝ್: ಮೇಲಿನದ್ದು, ಕೆಳಗಿನದ್ದು, ಪಕ್ಕದ ಮನೆಯವರದ್ದು. ಚಿನ್ನಕ್ಕೆ ಕ್ಯಾರೆಟ್ ಅಂದ್ರೆ ಶುದ್ಧ ಎಷ್ಟು ಅಂತ. ವಜ್ರಕ್ಕೆ ಕ್ಯಾರೆಟ್ ಅಂದ್ರೆ ತೂಕ.

ನೀಲಾವತಿ: ಹೆಸರು ಒಂದೇ, ಗುಣ ಬೇರೆ. ನಮ್ಮ ಅಂಗನವಾಡಿಯಲ್ಲಿ ಇಬ್ಬರು ಯಶಸ್ವಿ ಇದ್ರಲ್ಲ, ಹಾಗೆ. ಒಬ್ಬಳು ಹಾಡುದು, ಒಬ್ಬಳು ಕಚ್ಚುದು. ಮುಂದೆ ಹೇಳು.

ಫಯಾಝ್: ಕಲರ್. ಬಣ್ಣ ಕಡಿಮೆ ಇದ್ದಷ್ಟೂ ಒಳ್ಳೇದು. ಹಳದಿ ಛಾಯೆ ಬಂದ್ರೆ ರೇಟು ಇಳೀತದೆ.

ಪದ್ಮಯ್ಯ: ಬಣ್ಣ ಇಲ್ಲದ್ದಕ್ಕೆ ಹೆಚ್ಚು ಹಣವಾ? ಚಿನ್ನ ನೋಡು, ಹಳದಿಯಾಗಿ ಎಷ್ಟು ಲಕ್ಷಣ ಉಂಟು!

ಫಯಾಝ್: ಮತ್ತೆ ಕ್ಲಾರಿಟಿ. ಒಳಗೆ ಚುಕ್ಕೆ, ಗೆರೆ ಉಂಟಾ ನೋಡುದು.

ಪದ್ಮಯ್ಯನವರು ಟ್ರೇಗೆ ಮೂಗು ತಾಗುವಷ್ಟು ಬಗ್ಗಿದರು.

ಪದ್ಮಯ್ಯ: ಎಂತದೂ ಕಾಣುದಿಲ್ಲ.

ಫಯಾಝ್: ಬರಿಗಣ್ಣಿಗೆ ಕಾಣುದಿಲ್ಲ ಅಣ್ಣ. ಮಸೂರ ಇಟ್ಟು ನೋಡ್ಬೇಕು.

ಪದ್ಮಯ್ಯ: ಅಂದ್ರೆ, ಕಾಣದೆ ಇರುವ ಚುಕ್ಕೆ ಇಲ್ಲ ಅಂತ ನಾವು ಹಣ ಕೊಡುದು?

ಫಯಾಝ್: (ನೀಲಾವತಿಯ ಕಡೆ ಬಗ್ಗಿ) ಅಣ್ಣ ಹೇಳುದರಲ್ಲಿ ವಿಷಯ ಉಂಟು ಟೀಚರ್. ಬರಿಗಣ್ಣಿಗೆ ಕಾಣದಿದ್ರೆ ಸಾಕು, ಅದರ ಮೇಲಿನದಕ್ಕೆ ಹಣ ಹಾಕ್ಬೇಡಿ. ಕಟ್ ಒಳ್ಳೇದು ತೆಗೊಳ್ಳಿ. ಹೊಳಪು ಬರುದು ಅದರಿಂದ.

ಪದ್ಮಯ್ಯ: ಕಟ್ ಆದದ್ದು ನಮಗೆ ಯಾಕೆ? ಇಡೀದು ಇಲ್ವಾ?

ನೀಲಾವತಿ: ಕಟ್ ಅಂದ್ರೆ ಉಜ್ಜಿ ಮುಖ ಮಾಡಿದ್ದು. ನೀವು ಸ್ವಲ್ಪ ಬಾಯಿ ಮೇಲೆ ಬೆರಳು ಇಡಿ ನೋಡುವ.

ಪದ್ಮಯ್ಯ ಬೆರಳು ಇಟ್ಟರು. ಫಯಾಝ್ ಕೂಡ ಇಟ್ಟ. ಅವನಿಗೆ ಅದು ಹಳೆಯ ಅಭ್ಯಾಸ.

ನೀಲಾವತಿ ಟ್ರೇಯಲ್ಲಿದ್ದ ಎರಡು ಪದಕಗಳನ್ನು ಹಿಡಿದು, ಮೇಲೆ ಸಾಲಾಗಿ ಉರಿಯುತ್ತಿದ್ದ ದೀಪಗಳನ್ನು ನೋಡಿದರು.

ನೀಲಾವತಿ: ಈ ಲೈಟಿನಡಿಯಲ್ಲಿ ಇವರ ತಲೆಯೂ ಹೊಳೀತದೆ. ಹಗಲಿನ ಬೆಳಕಿನಲ್ಲಿ ನೋಡ್ಬೇಕು.

ಕಿಟಕಿಯ ಹತ್ತಿರ ಹೋಗಿ ನೋಡಿದರು. ದೊಡ್ಡ ಹರಳು ಅಲ್ಲಿ ಮಂಕಾಗಿ, ಗಂಜಿಯ ತಿಳಿಯ ಹಾಗೆ ಕಂಡಿತು. ಚಿಕ್ಕದು ಬೆರಳು ಅಲುಗಿದಾಗೆಲ್ಲ ಫಳಕ್ಕೆಂದಿತು. ಅದನ್ನೇ ಹಿಡಿದು ವಾಪಸ್ ಬಂದು ಕೂತರು.

ಪದ್ಮಯ್ಯ: (ಬೆರಳು ತೆಗೆದು) ಎಷ್ಟು ಹೊಳೆದ್ರೂ ಒಂದು ಪ್ರಶ್ನೆ. ನಾಳೆ ಮಾರಿದ್ರೆ ಎಷ್ಟು ಬರ್ತದೆ?

ಫಯಾಝ್: ವಜ್ರ ಅಂದ್ರೆ ಯಾವಾಗ್ಲೂ ವಜ್ರವೇ ಅಣ್ಣ. ಅದರ ಬೆಲೆ ಮೇಲೆ ಮೇಲೆ…

ನೀಲಾವತಿ: ಫಯಾಝ್, ಅಂಗಿಯ ಗುಬ್ಬಿ ತಿರುಗಿಸ್ಬೇಡ.

ಫಯಾಝ್ ಬೆಚ್ಚಿ ಕೈ ಕೆಳಗಿಳಿಸಿದ. ಚಿಕ್ಕಂದಿನಲ್ಲೂ ಅವನು ಸುಳ್ಳು ಹೇಳುವಾಗ ಅಂಗಿಯ ಗುಂಡಿ ತಿರುಗಿಸುತ್ತಿದ್ದ. ಎಷ್ಟೋ ಅಂಗಿಗಳ ಗುಂಡಿ ಕಿತ್ತುಹೋಗಿತ್ತು.

ಫಯಾಝ್: ಸತ್ಯ ಹೇಳ್ತೇನೆ ಟೀಚರ್. ಕೊಟ್ಟಷ್ಟು ಹಣ ವಾಪಸ್ ಸಿಗುದಿಲ್ಲ. ಚಿನ್ನಕ್ಕೆ ದಿನಾ ಪೇಪರಿನಲ್ಲಿ ರೇಟು ಬರ್ತದೆ, ವಜ್ರಕ್ಕೆ ಹಾಗೆ ಬರುದಿಲ್ಲ. ನಮ್ಮಲ್ಲಿಗೇ ತಂದ್ರೆ ಕಡಿತ ಮಾಡಿ ಬೇರೆ ಆಭರಣ ಕೊಡ್ತೇವೆ. ಬೇರೆ ಅಂಗಡಿಯವರು ತೆಗೊಳ್ಳುದು ಕಷ್ಟ.

ಪದ್ಮಯ್ಯ: (ಮೇಜಿಗೆ ಗುದ್ದಿ) ಕೇಳಿದಿಯಾ? ಏಳು! ಕೆಳಗೆ ಹೋಗುವ. ಚಿನ್ನ ಕೆಳಗೆ ಉಂಟು.

ನೀಲಾವತಿ ಏಳಲಿಲ್ಲ. ಕುರ್ಚಿಯನ್ನು ಇನ್ನೂ ಹತ್ತಿರ ಎಳೆದು ಕೂತರು.

ನೀಲಾವತಿ: ಸೊಸೈಟಿಯಲ್ಲಿ ಅಡವು ಇಟ್ರೆ? ಸಾಲ ಕೊಡ್ತಾರಾ?

ಫಯಾಝ್: (ಸಂಕಟದಿಂದ) ಕೊಡುದಿಲ್ಲ ಟೀಚರ್. ಅವರು ಚಿನ್ನದ ತೂಕಕ್ಕೆ ಮಾತ್ರ ಕೊಡುದು. ಹರಳಿನ ತೂಕ ಕಳೀತಾರೆ.

ನೀಲಾವತಿ: ಪೂರ್ತಿ ಕಳೀತಾರಾ?

ಫಯಾಝ್: ಪೂರ್ತಿ. ಆದ್ರೆ ನೀವು ಬೇಜಾರು ಮಾಡ್ಬೇಡಿ. ಈ ಪದಕದಲ್ಲಿ ಹರಳಿನ ಸುತ್ತ ಚಿನ್ನ ಒಳ್ಳೆ ಉಂಟು. ಅದಕ್ಕಾದ್ರೂ ಸಾಲ ಸಿಗ್ತದೆ.

ನೀಲಾವತಿ: (ಪದಕವನ್ನು ಬಿಸಿ ತಾಗಿದವರ ಹಾಗೆ ಕೆಳಗಿಟ್ಟು) ಹಾಗಾದ್ರೆ ಇದು ಬೇಡ. ಚಿನ್ನ ಕಡಿಮೆ ಇರುದು ತೋರಿಸು.

ಟೀಚರಿಗೆ ಹಣ ಸಾಲದೆಂದು ಫಯಾಝ್ ತಿಳಿದ. ಮುಖ ಸಪ್ಪೆ ಮಾಡಿ ಉಂಗುರ ತಂದ.

ನೀಲಾವತಿ: ಇನ್ನೂ ಕಡಿಮೆ.

ಕಿವಿಯ ಬೆಂಡೋಲೆ ತಂದ.

ನೀಲಾವತಿ: ಇನ್ನೂ.

ಫಯಾಝ್: ಟೀಚರ್, ಹಣದ ವಿಷಯ ಆದ್ರೆ ನಾನು ಧಣಿಗಳ ಹತ್ರ ಮಾತಾಡ್ತೇನೆ. ಈಗ ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ಬರ್ತದೆ. ಅದೂ ವಜ್ರವೇ, ಕ್ರಯ ಕಡಿಮೆ.

ಪದ್ಮಯ್ಯ: ಬೆಳೆಸುದಾ? ನೀರು ಹಾಯಿಸ್ಬೇಕಾ?

ಫಯಾಝ್: ಮೆಷಿನ್ನಿನಲ್ಲಿ ಬೆಳೀತದೆ ಅಣ್ಣ. ಆದ್ರೆ ಮೊದಲೇ ಹೇಳ್ತೇನೆ, ಅದನ್ನು ಮಾರ್ಲಿಕ್ಕೆ ಹೋದ್ರೆ ಹೆಚ್ಚುಕಮ್ಮಿ ಎಂತದೂ ಸಿಗುದಿಲ್ಲ.

ನೀಲಾವತಿ: ಎಂತದೂ? (ಕಣ್ಣರಳಿಸಿ) ಇದನ್ನು ಮೊದಲು ಹೇಳುದಲ್ವಾ! ಅದೇ ತಾ!

ಫಯಾಝ್: ನಮ್ಮಲ್ಲಿ ಇಲ್ಲ ಟೀಚರ್. ಮಂಗಳೂರಿಂದ ತರಿಸ್ಬೇಕು. ಎರಡು ವಾರ ಆಗ್ತದೆ.

ನೀಲಾವತಿ: ಎರಡು ವಾರ ನನ್ನ ಹಣ ನಮ್ಮ ಮನೆಯಲ್ಲಿ ಉಳಿಯುದಿಲ್ಲ. ಇವತ್ತು ಎಂತ ಉಂಟು ಅದನ್ನು ತೋರಿಸು.

ಫಯಾಝ್ ಕೊನೆಗೆ ಕಪಾಟಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಒಳಗೆ ಒಂಟಿ ಹರಳಿನ ಮೂಗುಬೊಟ್ಟು. ಹರಳನ್ನು ಹಿಡಿದುಕೊಳ್ಳಲು ಎಷ್ಟು ಬೇಕೋ ಅಷ್ಟೇ ಚಿನ್ನ. ನೀಲಾವತಿ ಕಿಟಕಿಯ ಹತ್ತಿರ ಹಿಡಿದು ನೋಡಿದರು. ಹೆಸರುಬೇಳೆಯಷ್ಟಿದ್ದ ಹರಳು ಸುಳ್ಯದ ಬಿಸಿಲನ್ನೆಲ್ಲ ಎಳೆದುಕೊಂಡು ಮುಖಕ್ಕೆ ಎರಚಿತು.

ನೀಲಾವತಿ: ಇದನ್ನು ಸೊಸೈಟಿಗೆ ತೆಗೊಂಡು ಹೋದ್ರೆ?

ಫಯಾಝ್: ನಗ್ತಾರೆ ಟೀಚರ್.

ನೀಲಾವತಿ: ಇದೇ ಕೊಡು.

ಪದ್ಮಯ್ಯ: ಹೇ! ನಿನಗೆ ಎಂತ ಆಗಿದೆ? ಅವನು ಆಗುದಿಲ್ಲ ಅಂದಷ್ಟು ನೀನು ತೆಗೊಳ್ಳುದಾ?

ನೀಲಾವತಿ: ಹೌದು. ಆಗದ್ದೇ ನನಗೆ ಬೇಕಾದ್ದು. ನಿನ್ನೆ ದೋಟಿ ಮಾರುವ ಉಲ್ಲಾಸ್ ಫೋನ್ ಮಾಡಿದ್ದ. ನೀವು ಸ್ನಾನಕ್ಕೆ ಹೋಗಿದ್ರಿ. 'ಅಕ್ಕ, ನಾಣ್ಯ ತೆಗೊಂಡಾಯ್ತಾ?' ಅಂತ ಕೇಳಿದ. ನನ್ನ ನಾಣ್ಯದ ಸುದ್ದಿ ಅವನಿಗೆ ಎಂತಕ್ಕೆ?

ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಕಾರ್ಬನ್ ಫೈಬರಿನ ಉದ್ದ ದೋಟಿಯೊಂದರ ಮೇಲೆ ಪದ್ಮಯ್ಯನವರ ಕಣ್ಣು ಬಿದ್ದು ಬಹಳ ದಿನವಾಗಿತ್ತು.

ಪದ್ಮಯ್ಯ: ಅದು… ಕೊಯ್ಲಿಗೆ ಜನ ಸಿಗುದಿಲ್ಲ. ಒಂದು ಸ್ವಲ್ಪ ದಿನ ನಾಣ್ಯ ಅಡವು ಇಟ್ಟು, ಮತ್ತೆ ಬಿಡಿಸುವ ಅಂತ…

ನೀಲಾವತಿ: ಪಂಪಿಗೆ ನನ್ನ ಬಳೆ. ಜೀಪಿಗೆ ನನ್ನ ಸರ. ರಬ್ಬರ್ ಶೀಟಿನ ಮೆಷಿನ್ನಿಗೆ ಬಳೆ, ಸರ ಎರಡೂ.

ಪದ್ಮಯ್ಯ: ಎಲ್ಲ ಬಿಡಿಸಿ ಕೊಟ್ಟಿದ್ದೇನೆ! ಒಂದನ್ನಾದ್ರೂ ಮುಳುಗಿಸಿದ್ದುಂಟಾ?

ನೀಲಾವತಿ: ಇಲ್ಲ. ನೀವು ಬಿಡಿಸಿದ್ದೀರಿ, ಇಲ್ಲ ಅಂತ ನಾನು ಹೇಳುದಿಲ್ಲ. ಬಿಡಿಸಿ ತಂದದ್ದನ್ನು ಹಾಕುವಷ್ಟರಲ್ಲಿ ಹೊಸದೊಂದು ಮೆಷಿನ್ ಬರ್ತದೆ. ಮಗಳು ಸುರಕ್ಷಾನ ಮದುವೆ ದಿನ ನನ್ನ ಸರ ಎಲ್ಲಿತ್ತು?

ಪದ್ಮಯ್ಯ ಟ್ರೇಯ ಅಂಚನ್ನು ಉಜ್ಜತೊಡಗಿದರು.

ನೀಲಾವತಿ: ನಿಮ್ಮ ತಂಗಿಯ ಸರ ಹಾಕಿ ಮಗಳನ್ನು ಧಾರೆ ಎರೆದೆ. ಆಲ್ಬಮ್ ತೆಗೆದ್ರೆ ಇವತ್ತಿಗೂ ನನಗೆ ಮಗಳ ಮುಖ ಕಾಣುದಿಲ್ಲ, ಆ ಸರವೇ ಕಾಣುದು. ನನ್ನ ಚಿನ್ನ ನನಗಿಂತ ಸೊಸೈಟಿಯ ಸೆಕ್ರೆಟರಿಗೆ ಹೆಚ್ಚು ಗುರ್ತ. ನನಗೆ ಒಂದು ವಸ್ತು ಬೇಕು, ಯಾರ ಆಪತ್ತಿಗೂ ಆಗದ್ದು. ನನ್ನ ಮೈ ಮೇಲೇ ಇರುವಂಥದ್ದು.

ಫಯಾಝ್ ಟ್ರೇಗಳನ್ನು ಒಂದರ ಮೇಲೊಂದು ಇಟ್ಟ, ಮತ್ತೆ ಅವನ್ನೇ ಬೇರೆ ಮಾಡಿದ.

ಪದ್ಮಯ್ಯ: ಫಯಾಝ್, ಕನ್ನಡಿ ಉಂಟಾ?

ಫಯಾಝ್ ಕೈಗನ್ನಡಿ ಕೊಟ್ಟ. ಪದ್ಮಯ್ಯ ಅದನ್ನು ಎರಡೂ ಕೈಯಲ್ಲಿ ಹೆಂಡತಿಯ ಎದುರು ಹಿಡಿದರು.

ಪದ್ಮಯ್ಯ: ಹಾಕು. ನೋಡುವ.

ನೀಲಾವತಿ: ಕನ್ನಡಿ ಅಲ್ಲಾಡಿಸ್ಬೇಡಿ.

ಪದ್ಮಯ್ಯ: ನಾನು ಅಲ್ಲಾಡಿಸ್ತಾ ಇಲ್ಲ. ನಿನ್ನ ಮೂಗೇ ಅಲ್ಲಾಡುದು.

ಹಳೆಯ ಮೂಗುಬೊಟ್ಟನ್ನು ತೆಗೆದು ಹೊಸದರ ತಿರುಪನ್ನು ಬಿಗಿದು, ನೀಲಾವತಿ ಮುಖ ಎತ್ತಿದರು. ಪದ್ಮಯ್ಯ ತೋಳು ಹಿಡಿದು ಅವರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿಸಿ ನೋಡಿದರು.

ಪದ್ಮಯ್ಯ: ಚಂದ ಉಂಟು.

ನೀಲಾವತಿ: ಎಂತ? ಕೇಳ್ಲಿಲ್ಲ.

ಪದ್ಮಯ್ಯ: ಒಂದು ಸಲವೇ ಹೇಳುದು. ಬಿಲ್ ಮಾಡಿಸು.

ನೀಲಾವತಿ ಹಣ ಕಟ್ಟಿದರು. ಬಿಲ್ಲಿಗೆ ಸೈನ್ ಹಾಕಿಸಿಕೊಂಡು ಬರುತ್ತೇನೆಂದು ಧಣಿಗಳ ಕೋಣೆಗೆ ಹೋದ ಫಯಾಝ್, ಮುಖವೆಲ್ಲ ಹಲ್ಲಾಗಿ ಓಡಿಬಂದ. ಟೀಚರ್ ಹೇಳಿದ ಸಂಗತಿಯಲ್ಲಿ ಅವನಿಗೆ ಅರ್ಥವಾದದ್ದು ಒಂದೇ, ಅವರು ತುಂಬ ಕಷ್ಟ ಪಟ್ಟಿದ್ದಾರೆ ಎಂದು.

ಫಯಾಝ್: ಟೀಚರ್! ನೀವು ನನಗೆ ಅಕ್ಷರ ಕಲಿಸಿದವರು ಅಂತ ಧಣಿಗಳಿಗೆ ಹೇಳಿದೆ. ಅವರಿಗೆ ಭಾರೀ ಸಂತೋಷ ಆಯ್ತು. ಬೇರೆ ಯಾರಿಗೂ ಕೊಡದ ಒಂದು ಆಫರ್ ನಿಮಗೆ ಕೊಟ್ಟಿದ್ದಾರೆ. ಈ ಮೂಗುಬೊಟ್ಟು ಯಾವಾಗ ತಂದ್ರೂ ಕೊಟ್ಟ ಹಣ ಪೂರ್ತಿ ವಾಪಸ್! ಕ್ಯಾಶ್! ಬಿಲ್ಲಿನಲ್ಲೇ ಬರೆದು ಕೊಡ್ಲಿಕ್ಕೆ ಹೇಳಿದ್ದಾರೆ!

ನೀಲಾವತಿಯ ಮುಖ ಕರಿ ಟ್ರೇಯ ಬಣ್ಣಕ್ಕೆ ತಿರುಗಿತು. ಪದ್ಮಯ್ಯನವರ ಮುಖಕ್ಕೆ ಹತ್ತಿದ ಬೆಳಕಿಗೆ ಯಾವ ವಜ್ರದ ಕಟ್ ಕೂಡ ಸಮ ಇರಲಿಲ್ಲ.

ಪದ್ಮಯ್ಯ: ಬರಿ!

ನೀಲಾವತಿ: ಬರೆದ್ರೆ ನೋಡು!

ಪದ್ಮಯ್ಯ: ದೊಡ್ಡವರು ಪ್ರೀತಿಯಲ್ಲಿ ಕೊಟ್ಟದ್ದನ್ನು ಬೇಡ ಅನ್ನಬಾರದು. ಬರಿ ಮಾರಾಯ, ದಪ್ಪ ಅಕ್ಷರದಲ್ಲಿ ಬರಿ!

ನೀಲಾವತಿ: ಫಯಾಝ್! ಪೆನ್ನು ಕೆಳಗೆ!

ಫಯಾಝ್: (ಅಳುವ ಸ್ವರದಲ್ಲಿ) ಧಣಿಗಳು ಸೈನ್ ಹಾಕಿ ಆಯ್ತು ಟೀಚರ್. ಈಗ ಬೇಡ ಅಂದ್ರೆ ಅವರಿಗೆ ಬೇಜಾರಾಗ್ತದೆ. ನಾನು ಎಂತ ಮಾಡುದು?

ನೀಲಾವತಿ ಗಂಡನ ಕಡೆ ನೋಡಿದರು. ಗಂಡ ಬಿಲ್ಲಿನ ಕಡೆ ನೋಡುತ್ತಿದ್ದರು. ನೀಲಾವತಿ ಕುರ್ಚಿಯಲ್ಲಿ ಕೂತು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, ಕನ್ನಡಕ ಸರಿಮಾಡಿ, ಉಕ್ತಲೇಖನ ಹೇಳುವ ಸ್ವರ ತೆಗೆದರು.

ನೀಲಾವತಿ: ಸರಿ. ಬರಿ. ನಾನು ಹೇಳಿದ ಹಾಗೇ ಬರೀಬೇಕು, ಅಕ್ಷರ ದುಂಡಗೆ ಬರ್ಬೇಕು. 'ಈ ಮೂಗುಬೊಟ್ಟನ್ನು ಯಾವಾಗ ತಂದರೂ ಪೂರ್ತಿ ಹಣ ವಾಪಸು ಕೊಡಲಾಗುವುದು.'

ಪದ್ಮಯ್ಯ: ಹಾಂ! ಹಾಗೆ!

ನೀಲಾವತಿ: ಪೂರ್ಣವಿರಾಮ ಹಾಕ್ಬೇಡ, ಅಲ್ಪವಿರಾಮ ಹಾಕು. 'ಮೂಗಿನ ಸಮೇತ ತಂದರೆ ಮಾತ್ರ.'