ಶಿಲ್ಪವಿಲ್ಲದ ಶಿಲ್ಪ ಪದವಿ

ಮೋಸ ಹೋಗುವುದು ಬೇರೆ, ಮೊಹರು ಹಾಕಿದ ಕಾಗದದ ಮೇಲೆ ಮೋಸ ಹೋಗುವುದು ಬೇರೆ. ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷಗಳಿಂದ ವೇಳಾಪಟ್ಟಿ ಬರೆಯುತ್ತಿದ್ದ ಯಜಮಾನರಿಗೆ ಆದದ್ದು ಎರಡನೆಯ ಬಗೆಯದು. (ಡಿಪೋದಲ್ಲಿ ಎಲ್ಲರೂ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಅದೇ ಹೆಸರು. ಅಧಿಕಾರ ಮಾತ್ರ ಡಿಪೋದಲ್ಲೇ ಉಳಿಯುತ್ತಿತ್ತು.)

ವಿಶ್ವವಿದ್ಯಾಲಯದಿಂದ ಮಗಳಿಗೆ ಬಂದ ಕಾಗದವನ್ನು ಅವರು ಮೇಜಿನ ಮೇಲೆ ಹರಡಿ ಮೂರು ಸಲ ಓದಿದರು. ಪದವಿ: ದೃಶ್ಯಕಲೆ. ವಿಶೇಷ ವಿಷಯ: ಶಿಲ್ಪ. ಅವಧಿ: ಎಂಟು ಸೆಮಿಸ್ಟರ್. ಮೊದಲನೆಯದರಲ್ಲಿ ರೇಖಾಚಿತ್ರ ಒಂದು, ಕಲೆಯ ಇತಿಹಾಸ, ಪ್ರಬಂಧ ಬರವಣಿಗೆ. ಎರಡನೆಯದರಲ್ಲಿ ರೇಖಾಚಿತ್ರ ಎರಡು, ಮೂರನೆಯದರಲ್ಲಿ ರೇಖಾಚಿತ್ರ ಮೂರು. ಶಿಲ್ಪದ ವಾಸನೆ ಮೊದಲು ಬಡಿದದ್ದು ನಾಲ್ಕನೆಯ ಸೆಮಿಸ್ಟರಿನಲ್ಲಿ, ಅದೂ 'ಜೇಡಿಮಣ್ಣು: ಪ್ರವೇಶ' ಎಂಬ ವಿನಯದ ಹೆಸರಿನಲ್ಲಿ. ಕಲ್ಲು ಆರನೆಯದಕ್ಕಿಂತ ಮುಂಚೆ ಸುಳಿಯಲೇ ಇಲ್ಲ.

"ಲೇ, ಇಲ್ಲಿ ಬಾ! ಶಿಲ್ಪ ಕಲಿಸೋ ಪದವೀಲಿ ಒಂದೂವರೆ ವರ್ಷ ಶಿಲ್ಪಾನೇ ಇಲ್ಲ!"

ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. "ಅದಕ್ಯಾಕ್ರೀ ಹಾಗೆ ಕಿರುಚ್ತೀರ? ಒಂದೊಂದೇ ಕಲಿಸ್ತಾರೆ ಬಿಡಿ."

"ಕಲಿಸೋದಲ್ಲ ಇದು, ಖಾಲಿ ಓಟ! ಮೂರು ಸೆಮಿಸ್ಟರ್ ಖಾಲಿ ಓಟ!"

ಒಬ್ಬ ಪ್ರಯಾಣಿಕನೂ ಇಲ್ಲದೆ ಬಸ್ಸು ಡಿಪೋದಿಂದ ನಿಲ್ದಾಣದವರೆಗೆ ಓಡುವುದಕ್ಕೆ ಅವರ ಕಚೇರಿಯಲ್ಲಿ ಖಾಲಿ ಓಟ ಎನ್ನುತ್ತಾರೆ. ಅದನ್ನು ಕತ್ತರಿಸುವುದೇ ಯಜಮಾನರ ಜೀವಮಾನದ ಸಾಧನೆ. ಡಿಪೋದ ಬಸ್ಸುಗಳಿಂದ ಅವರು ಈವರೆಗೆ ಕತ್ತರಿಸಿದ ಖಾಲಿ ಓಟವನ್ನು ಉದ್ದಕ್ಕೆ ಜೋಡಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತದೆಂದು ಅವರೇ ಒಮ್ಮೆ ಲೆಕ್ಕ ಹಾಕಿದ್ದರು.

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಮಗಳು ಶಿಲ್ಪ ಓದುತ್ತೇನೆ ಎಂದಾಗ ಮನೆಯಲ್ಲಿ ಆರು ವಾರ ಯುದ್ಧ ನಡೆದಿತ್ತು. ಕೊನೆಗೆ ಒಂದು ಕರಾರಾಯಿತು. ಮೂರು ವರ್ಷದಲ್ಲಿ ಮುಗಿಯುವುದಾದರೆ ಶಿಲ್ಪ. ಒಂದು ದಿನ ಹೆಚ್ಚಾದರೂ ಹಿಂದಿನ ಬೀದಿಯ ಕಾಲೇಜಿನಲ್ಲಿ ಕಚೇರಿ ನಿರ್ವಹಣೆಯ ಕೋರ್ಸು. ಈ ಮೂರು ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ಸಂಧಾನಕ್ಕೆ ಒಂದು ಸಂಖ್ಯೆ ಬೇಕಿತ್ತು, ಯಜಮಾನರ ಬಾಯಿಗೆ ಅದು ಬಂತು. ಆದರೆ ಸೋತ ಮೇಲೆ ಅವರು ಗೆದ್ದವರಿಗಿಂತ ಹೆಚ್ಚು ಉತ್ಸಾಹಿಯಾದರು. ಮೂರೇ ವರ್ಷದಲ್ಲಿ ನನ್ನ ಮಗಳು ಶಿಲ್ಪಿ ಎಂದು ಡಿಪೋದಲ್ಲೆಲ್ಲ ಸಾರಿದರು. ಈಗ ಈ ಕಾಗದ ನಾಲ್ಕು ವರ್ಷ ಎನ್ನುತ್ತಿದೆ. ಕರಾರಿನಿಂದ ಹಿಂದೆ ಸರಿದರೆ ಮಾನ ಹೋಯಿತು. ಸರಿಯದಿದ್ದರೆ ಮಗಳು ಕಚೇರಿ ನಿರ್ವಹಣೆಗೆ ಹೋದಳು. ಅದು ಅವರಿಗೂ ಬೇಕಿರಲಿಲ್ಲ. (ಹಾಗೆಂದು ಬಾಯಿಬಿಟ್ಟು ಹೇಳುವಷ್ಟು ದುರ್ಬಲರೂ ಅವರಲ್ಲ.)

ಭಾನುವಾರವಿಡೀ ಕೂತು ಅವರು ಪದವಿಯನ್ನು ಡಿಪೋದ ಡ್ಯೂಟಿ ಚಾರ್ಟಿನ ಮಾದರಿಯಲ್ಲಿ ಹೊಸದಾಗಿ ಬರೆದರು. ಮೂರೂ ರೇಖಾಚಿತ್ರಗಳಿಗೆ ಕೆಂಪು ಗೀಟು ಬಿತ್ತು. ಮೊದಲ ದಿನ ಬೆಳಗ್ಗೆ ಏಳಕ್ಕೇ ಕಲ್ಲು ಶುರು. ಊಟಕ್ಕೆ ಇಪ್ಪತ್ತು ನಿಮಿಷ, ಕೈ ತೊಳೆಯಲು ನಾಲ್ಕು. ಆರು ಸೆಮಿಸ್ಟರಿಗೆ ಪದವಿ ಸಲೀಸಾಗಿ ಮುಗಿದು ಹನ್ನೊಂದು ದಿನ ಮಿಕ್ಕಿತು.

ಮಗಳು ಚಾರ್ಟು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡಳು. "ಅಪ್ಪಾ, ದಯವಿಟ್ಟು ನೀನು ಸುಮ್ನಿರು. ನಾಳೆ ಮೂರು ಗಂಟೆಗೆ ಸಲಹೆಗಾರ್ತಿ ನನ್ನನ್ನ ಕರೆದಿದಾರೆ. ಯಾವ ಸೆಮಿಸ್ಟರಲ್ಲಿ ಏನು ಅಂತ ತುಂಬೋ ಫಾರಂಗೆ ನನ್ನ ಸಹಿ ಹಾಕಿಟ್ಟಿದೀನಿ. ಅಲ್ಲಿಂದ ಬಂದ ಮೇಲೆ ನೀನೂ ಹಾಕು. ಸಾಕು."

"ಆಯಮ್ಮ ನಾಲ್ಕು ವರ್ಷ ಅಂದ್ರೆ?"

"ಅದನ್ನ ನಾನು ನೋಡ್ಕೋತೀನಿ."

ಹೀಗೆ ಹೇಳುತ್ತ ಅವಳು ಅಮ್ಮನತ್ತ ನೋಡಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತ ನಕ್ಕಳು. ತಮ್ಮನ್ನು ಬಿಟ್ಟು ಇಬ್ಬರು ನಗುವುದು ಯಜಮಾನರಿಗೆ ಎಂದೂ ಹಿಡಿಸಿದ್ದಿಲ್ಲ. ಮಗಳದ್ದು ಮೆತ್ತನೆಯ ನಾಲಿಗೆ. ಆ ಸಲಹೆಗಾರ್ತಿಯ ಎದುರು ಅವಳು ಏನು ತಾನೇ ವಾದಿಸಿಯಾಳು? ಮರುದಿನ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವರು ಫಾರಂ ಮತ್ತು ಚಾರ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು.

ಸಲಹೆಗಾರ್ತಿಯ ಕೋಣೆಗೆ ಬೀಗ ಹಾಕಿತ್ತು. 'ಎದುರಿನ ಕೊಠಡಿಯಲ್ಲಿ ಸಿಗುತ್ತೇನೆ' ಎಂದು ಬಾಗಿಲಿಗೆ ಚೀಟಿ ಅಂಟಿಸಿತ್ತು. ಎದುರಿನದು ಎತ್ತರದ ಕಿಟಕಿಗಳಿದ್ದ ದೊಡ್ಡ ಕೊಠಡಿ. ಇಪ್ಪತ್ತೆರಡು ಹುಡುಗ ಹುಡುಗಿಯರು ಸ್ಟೂಲುಗಳ ಮೇಲೆ ದುಂಡಗೆ ಕೂತಿದ್ದರು. ಎಲ್ಲರ ಮುಂದೆಯೂ ಹಲಗೆ, ಹಲಗೆಗೆ ಕಾಗದ, ಕೈಯಲ್ಲಿ ಪೆನ್ಸಿಲು. ನಟ್ಟನಡುವೆ ಮೊಣಕಾಲೆತ್ತರದ ಮರದ ಕಟ್ಟೆ, ಅದರ ಮೇಲೆ ಒಂದು ಖಾಲಿ ಕುರ್ಚಿ.

ಯಜಮಾನರಿಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ಅವರ ಡಿಪೋದಲ್ಲಿ ಶನಿವಾರಗಳಂದು ಪ್ರಯಾಣಿಕರ ದೂರು ಕೇಳುವ ಸಭೆ ನಡೆಯುತ್ತದೆ. ದೂರುದಾರ ನಡುವೆ ಕುರ್ಚಿಯಲ್ಲಿ ಕೂರುತ್ತಾನೆ, ಸುತ್ತ ಮೂವರು ಗುಮಾಸ್ತರು ಬರೆದುಕೊಳ್ಳುತ್ತಾರೆ, ಕೊನೆಗೆ ದೂರುದಾರ ಪ್ರತಿಯೊಂದು ಪ್ರತಿಯನ್ನೂ ಓದಿ ಸಹಿ ಹಾಕಬೇಕು. ಅಲ್ಲಿ ಮೂವರು; ಇಲ್ಲಿ ಇಪ್ಪತ್ತೆರಡು! ಮೇಲಾಗಿ ಕಟ್ಟೆ ಬೇರೆ! ವಿಶ್ವವಿದ್ಯಾಲಯವೆಂದರೆ ಸುಮ್ಮನೆಯೇ? ಅವರು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ಕುರ್ಚಿಯಲ್ಲಿ ಕೂತರು.

"ಶುರು ಮಾಡ್ಲಾ?"

"ಮಾಡಿ ಸರ್," ಎಂದಳು ಎದುರಿನ ಕನ್ನಡಕದ ಹುಡುಗಿ. "ಆದ್ರೆ ಕತ್ತು ಮಾತ್ರ ತಿರುಗಿಸ್ಬೇಡಿ."

ಬರೆದುಕೊಳ್ಳುವವರಿಗೆ ಮಾತು ಸರಿಯಾಗಿ ಕೇಳಬೇಕಲ್ಲ, ಇದು ನ್ಯಾಯವೇ ಎನಿಸಿತು. ಅವರು ಕೈಕಟ್ಟಿ, ಕತ್ತನ್ನು ಕೀಲು ಜಡಿದಂತೆ ನೆಟ್ಟಗಿಟ್ಟು, ಮಗಳ ನೋಂದಣಿ ಸಂಖ್ಯೆಯಿಂದ ಆರಂಭಿಸಿದರು. ಶಿಲ್ಪದ ಆಸೆ ತೋರಿಸಿ ಪೆನ್ಸಿಲು ಕೊಡುವುದು ಎಂಥ ಅನ್ಯಾಯ, ಈಜು ಕಲಿಯಲು ಬಂದವನಿಗೆ ಒಂದೂವರೆ ವರ್ಷ ನೀರಿನ ಚಿತ್ರ ತೋರಿಸಿದರೆ ಹೇಗಿರುತ್ತದೆ, ಕಲ್ಲಿಗೆ ಬೇಕಾದದ್ದು ಸುತ್ತಿಗೆಯೋ ರಬ್ಬರೋ ಎಂದು ಮುಂತಾಗಿ ಮುಕ್ಕಾಲು ಗಂಟೆ ನಿರರ್ಗಳವಾಗಿ ಗುಡುಗಿದರು. ಇಪ್ಪತ್ತೆರಡು ಪೆನ್ಸಿಲುಗಳು ಸರಸರ ಓಡುತ್ತಿದ್ದವು. ಮನೆಯಲ್ಲಾಗಲಿ ಡಿಪೋದಲ್ಲಾಗಲಿ ತಮ್ಮ ಮಾತಿಗೆ ಇಷ್ಟು ಶ್ರದ್ಧೆ ಸಿಕ್ಕಿದ್ದನ್ನು ಅವರು ಕಂಡಿರಲಿಲ್ಲ.

ನಡುವೆ ಯಾರೋ ಒಳಬಂದು ಬೆನ್ನ ಹಿಂದೆ ಓಡಾಡಿದ್ದು ಕೇಳಿಸಿತು. ಕತ್ತು ತಿರುಗಿಸುವಂತಿರಲಿಲ್ಲ.

"ಬಹಳ ಚೆನ್ನಾಗಿದೆ," ಎಂದಿತು ಒಂದು ಹೆಣ್ಣು ದನಿ. "ಆ ಸಿಟ್ಟು ಹಾಗೇ ಇರ್ಲಿ, ಇಳಿಸ್ಬೇಡಿ."

"ಇಳಿಯೋ ಸಿಟ್ಟಲ್ಲ ಇದು!" ಎಂದು ಅವರು ಗೋಡೆಗೆ ಹೇಳಿದರು.

ಗಂಟೆ ಹೊಡೆಯಿತು. ಯಜಮಾನರು ಕೆಳಗಿಳಿದು, ಜೇಬಿನಿಂದ ಪೆನ್ನು ತೆಗೆದು, ಕನ್ನಡಕದ ಹುಡುಗಿಯ ಬಳಿ ಹೋದರು. "ಎಲ್ಲಿ ಸಹಿ ಮಾಡ್ಬೇಕಮ್ಮ?"

ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಬದಲಿಗೆ ಕೈಕಟ್ಟಿ ಕೂತ ಒಬ್ಬ ಮನುಷ್ಯನಿದ್ದ. ಅವನ ಅಂಗಿ ಯಜಮಾನರದೇ, ಮೀಸೆಯೂ ಅವರದೇ. ಇವೆರಡರ ಮೇಲ್ಗಡೆ, ಮೂಗು ಇರಬೇಕಾದ ಕಡೆ, ಒಂದು ಆಲೂಗಡ್ಡೆ ಇತ್ತು.

"ಏನಮ್ಮ ಇದು?"

"ನೀವೇ ಸರ್."

ಅವರು ಪಕ್ಕದ ಹಲಗೆಗೆ ಹೋದರು. ಅಲ್ಲಿ ಮೂಗು ಕೆನ್ನೆಗೆ ವಲಸೆ ಹೋಗಿತ್ತು. ಮೂರನೆಯದರಲ್ಲಿ ಎರಡು ಹೊಳ್ಳೆಗಳ ಬದಲು ಬೀಗದ ಕೈ ತೂರಿಸುವ ರಂಧ್ರ. ಹಿಂದುಗಡೆ ಕೂತಿದ್ದವರು ಬರೆದ ಬೆನ್ನುಗಳು ಗೋಣಿಚೀಲಗಳಂತಿದ್ದವು. ಕಿಟಕಿಯ ಪಕ್ಕದ ಹುಡುಗ ಮೂಗನ್ನೇ ಬಿಟ್ಟುಬಿಟ್ಟಿದ್ದ.

"ಮೂಗೆಲ್ಲಯ್ಯಾ?"

"ಟೈಮ್ ಸಾಕಾಗ್ಲಿಲ್ಲ ಸರ್."

"ಕಿವಿ ಬರೆಯೋಕೆ ಟೈಮಿತ್ತು, ಮೂಗಿಗೆ ಇರ್ಲಿಲ್ವಾ? ಮುಕ್ಕಾಲು ಗಂಟೆ ಮಿಸುಕಾಡದೆ ಕೂತಿದೀನಿ, ಮೂಗು ಎಲ್ಲಿಗಾದ್ರೂ ಎದ್ದು ಹೋಗಿತ್ತಾ?"

ಬೆನ್ನ ಹಿಂದೆ ಓಡಾಡುತ್ತಿದ್ದ ನರೆಗೂದಲಿನ ಮಹಿಳೆ ಈಗ ಮುಂದೆ ಬಂದಳು. ಅವಳ ಕೈಯೆಲ್ಲ ಇದ್ದಿಲಿನ ಕಪ್ಪು. "ನಾನೇ ನಿಮ್ಮ ಮಗಳ ಸಲಹೆಗಾರ್ತಿ. ಇವತ್ತು ಕೂರಬೇಕಾದ ಮಾಡೆಲ್‌ಗೆ ಜ್ವರ. ಬದಲಿಗೆ ನಿಮ್ಮನ್ನ ಕಳಿಸಿದಾರೆ ಅಂದ್ಕೊಂಡೆ. ನೀವು ಮತ್ತೊಮ್ಮೆ ನೋಂದಣಿ ಸಂಖ್ಯೆ ಹೇಳಿದಾಗ ಗೊತ್ತಾಯ್ತು. ಅಷ್ಟರಲ್ಲಿ ಎಲ್ಲರೂ ಅರ್ಧ ಬರೆದಿದ್ರು, ಕ್ಷಮಿಸಿ."

ಯಜಮಾನರಿಗೆ ಕ್ಷಮಿಸಲು ಪುರಸೊತ್ತಿರಲಿಲ್ಲ. "ಇವರೆಲ್ಲ ಎಷ್ಟನೇ ಸೆಮಿಸ್ಟರ್?"

"ಮೂರನೇದು. ಮುಗೀತಾ ಬಂತು. ಮುಂದಿನ ಸಲ ಜೇಡಿಮಣ್ಣಿಗೆ ಕೈ ಹಾಕ್ತಾರೆ."

"ಈ ಕೈಯನ್ನಾ?" ಯಜಮಾನರ ದನಿ ಕಿಟಕಿಯ ಗಾಜನ್ನು ಅಲುಗಿಸಿತು. "ಕಾಗದದಲ್ಲೇ ಹೀಗೆ, ಇನ್ನು ಮಣ್ಣಲ್ಲಿ, ಕಲ್ಲಲ್ಲಿ? ಆ ಕಲ್ಲಿನ ಗತಿ ಏನು ಮೇಡಂ? ಬ್ರೇಕ್ ಎಲ್ಲಿದೆ ಅಂತ ತಿಳೀದವನ ಕೈಗೆ ನಾವು ಬಸ್ಸು ಕೊಡಲ್ಲ!"

"ಆದ್ರೆ ಈಗ ತಾನೇ ರೇಖಾಚಿತ್ರವೇ ಬೇಡ ಅಂದ್ರಲ್ಲ?"

"ಅದು ನನ್ನ ಮೂಗು ನೋಡೋಕೆ ಮುಂಚೆ."

"ಹಾಗಾದ್ರೆ ಎಷ್ಟು ಸೆಮಿಸ್ಟರ್ ಬೇಕು ಅಂತೀರ?"

"ನಾಲ್ಕು! ನಾಲ್ಕಾದ ಮೇಲೇ ಮಣ್ಣು."

ಸಲಹೆಗಾರ್ತಿ ಕಂಕುಳಲ್ಲಿದ್ದ ಫೈಲಿನಿಂದ ಒಂದು ಹಾಳೆಯನ್ನು ಅರ್ಧ ಹೊರಗೆಳೆದು ನೋಡಿದಳು. "ಈಗಾಗಲೇ ಚೆನ್ನಾಗಿ ಬರೆಯೋರು ಯಾರಾದ್ರೂ ಬಂದ್ರೆ? ಅವರಿಗೆ ವಿನಾಯಿತಿ ಕೊಡಬಾರ್ದಾ? ಯೋಚನೆ ಮಾಡಿ ಹೇಳಿ."

"ಯೋಚನೆ ಏನು ಬಂತು? ನಮ್ಮಲ್ಲಿ ಡ್ರೈವರ್ ಮಗನೇ ಬಂದ್ರೂ ಪರೀಕ್ಷೆ ತಪ್ಪಲ್ಲ. ಬ್ರಹ್ಮನ ಮಗಳೇ ಬರ್ಲಿ, ಒಬ್ಬರಿಗೂ ಕೊಡಬೇಡಿ!"

"ನಿಮ್ಮ ಮಗಳಿಗೂ?"

"ಅವಳಿಗೇ ಮೊದಲು!"

"ಅವಳು ಒಪ್ಪಿದಾಳಾ?"

"ಅವಳ ಪರವಾಗಿಯೇ ಬಂದಿರೋದು. ನೋಡಿ, ಸಹಿ ಇದೆ." ಯಜಮಾನರು ಫಾರಂ ಚಾಚಿದರು.

ಸಲಹೆಗಾರ್ತಿ ಅವರನ್ನು ಒಂದು ಕ್ಷಣ ನೋಡಿ ಹಾಳೆಯನ್ನು ಮತ್ತೆ ಫೈಲಿಗೆ ತಳ್ಳಿದಳು. "ತಂದೆಯೇ ಇಷ್ಟು ಕಟ್ಟುನಿಟ್ಟಾದ್ರೆ ನಾನೇನು ಹೇಳ್ಲಿ." ಯಜಮಾನರು ಇಪ್ಪತ್ತಾರು ವರ್ಷ ಪಳಗಿದ ದುಂಡು ಅಕ್ಷರದಲ್ಲಿ ಒಂಬತ್ತು ಸೆಮಿಸ್ಟರುಗಳನ್ನು ತುಂಬಿದರು. ಕೆಳಗೆ ಅವರದೂ ಸಲಹೆಗಾರ್ತಿಯದೂ ಸಹಿ ಬಿದ್ದವು, ಮೊಹರೂ ಬಿತ್ತು. ಆಮೇಲೆ ಅವರಾಗಿಯೇ ಮತ್ತೆ ಕಟ್ಟೆ ಹತ್ತಿ, ಮೂಗುಗಳೆಲ್ಲ ಮೂಗಿನ ಜಾಗಕ್ಕೆ ಬರುವವರೆಗೆ ಕೂತರು. ಅಂದು ಡಿಪೋಗೆ ಫೋನು ಮಾಡಿ ರಜೆ ಹಾಕಬೇಕಾಯಿತು.

ಮಧ್ಯಾಹ್ನ ಅವರು ಮನೆ ಹೊಕ್ಕಾಗ ಮಗಳು ಹಾಸಿಗೆ, ದಿಂಬು, ಅಮ್ಮನ ಬಟ್ಟೆಯ ಗಂಟುಗಳನ್ನೆಲ್ಲ ಕೆದಕಿ ಫಾರಂ ಹುಡುಕುತ್ತಿದ್ದಳು.

"ಹುಡುಕ್ಬೇಡ, ಕೆಲಸ ಮುಗಿಸ್ಕೊಂಡೇ ಬಂದಿದೀನಿ," ಎಂದು ಯಜಮಾನರು ಫಾರಂ ಚಾಚಿದರು.

ಮಗಳು ಓದಿದಳು. ಬೆರಳು ಮಡಿಸಿ ಎಣಿಸಿದಳು. ಮತ್ತೆ ಎಣಿಸಿದಳು. "ಒಂಬತ್ತು ಸೆಮಿಸ್ಟರ್? ನಾಲ್ಕೂವರೆ ವರ್ಷ? ಅಪ್ಪಾ!"

"ಬುನಾದಿ ಗಟ್ಟಿಯಾಗ್ಬೇಕು ಕಣಮ್ಮ. ಅಲ್ಲಿನ ಮಕ್ಕಳ ಕೈ ನೋಡಿದ್ರೆ..."

"ನನ್ನ ಕೈ ಅವರು ನೋಡಿ ಆಗಿತ್ತು! ನಾನು ಬರೆದ ಚಿತ್ರಗಳನ್ನೆಲ್ಲ ಹೋದ ವಾರಾನೇ ತರಿಸ್ಕೊಂಡಿದ್ರು. ಮೂರೂ ರೇಖಾಚಿತ್ರದಿಂದ ವಿನಾಯಿತಿ ಕೊಡ್ತೀನಿ, ಆರು ಸೆಮಿಸ್ಟರಿಗೆ ಮುಗೀತದೆ ಅಂದಿದ್ರು. ಇವತ್ತು ಮೂರು ಗಂಟೆಗೆ ಆ ಕಾಗದ ಕೊಡೋರಿದ್ರು!"

ಯಜಮಾನರ ಬಾಯಿ ತೆರೆದದ್ದು ತೆರೆದೇ ಇತ್ತು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಕಾಗದ ಕೈಗೆ ಬಂದ ಮೇಲೆ ಹೇಳಿ ನಿಮ್ಮ ಮುಖ ನೋಡೋಣ ಅಂತಿದ್ವಿ," ಎಂದಳು ಹೆಂಡತಿ. "ಈಗ್ಲೂ ನೋಡೋ ಹಾಗೇ ಇದೆ ಬಿಡಿ. ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೊಳ್ಳೋರನ್ನ ಕಂಡಿದ್ದೆ. ಮಗಳ ತಲೆ ಮೇಲೂ ಅದೇ ಚಪ್ಪಡಿ ಎಳೆದೋರನ್ನ ಇವತ್ತೇ ಕಂಡಿದ್ದು."

"ಬದಲಾಯಿಸ್ಬಹುದು..."

"ಮೊಹರು ಬಿದ್ದ ಮೇಲೆ ಒಂದು ವರ್ಷ ಮುಟ್ಟೋ ಹಾಗಿಲ್ಲ ಅಂತ ನಿಮ್ಮ ಸಹಿ ಪಕ್ಕದಲ್ಲೇ ಬರೆದಿದೆ. ಹೂಂ, ಈಗ ಹೇಳಿ. ನಾಲ್ಕೂವರೆ ವರ್ಷ ಆಯ್ತಲ್ಲ, ಕರಾರಿನ ಪ್ರಕಾರ ಇವಳು ಕಚೇರಿ ನಿರ್ವಹಣೆಗೆ ಹೋಗ್ಬೇಕೋ?"

ಯಜಮಾನರು ನೆಲ ನೋಡಿದರು. "ಸಹಿ ನಂದೇ ಅಲ್ವಾ... ಶಿಲ್ಪಾನೇ ಓದ್ಲಿ."

ಮಗಳು ಸಿಟ್ಟಿನಿಂದ ಒಳಗೆ ಹೋದಳು. ಮರಳಿದಾಗ ಅವಳ ಕೈಯಲ್ಲಿ ಹಲಗೆ, ಕಾಗದ, ಪೆನ್ಸಿಲು ಇದ್ದವು. ಕುರ್ಚಿಯೊಂದನ್ನು ದರದರ ಎಳೆದು ಕಿಟಕಿಯ ಬೆಳಕಿಗೆ ಹಾಕಿದಳು. "ಕೂತ್ಕೋ. ಅಲ್ಲಾಡ್ಬೇಡ. ಮಾತಾಡ್ಬೇಡ."

ಅವರು ಕೂತರು. ಕಾಲು ಗಂಟೆ ಪೆನ್ಸಿಲಿನ ಸದ್ದೊಂದೇ. ಆಮೇಲೆ ಅವಳು ಹಲಗೆಯನ್ನು ಅವರತ್ತ ತಿರುಗಿಸಿದಳು.

ಮೂಗು ಮೂಗಿನ ಜಾಗದಲ್ಲಿತ್ತು. ಕನ್ನಡಕ ಒತ್ತಿ ಬಿದ್ದ ಗುಳಿ, ಎಡಕ್ಕೆ ಕೂದಲೆಳೆಯಷ್ಟು ವಾಲಿದ ತುದಿ, ಹೊಳ್ಳೆಯ ಅಂಚಿನ ಸಿಟ್ಟು, ಎಲ್ಲವೂ ಅದರಲ್ಲಿದ್ದವು. ಮುಟ್ಟಿದರೆ ಸೀನೀತು ಎನ್ನುವ ಹಾಗಿತ್ತು. ಯಜಮಾನರು ತಪ್ಪೊಂದಾದರೂ ಸಿಕ್ಕೀತೆಂದು ಹತ್ತಿರ ಹೋಗಿ ನೋಡಿದರು, ದೂರ ನಿಂತು ನೋಡಿದರು, ಕನ್ನಡಕ ತೆಗೆದು ನೋಡಿದರು.

"ಏನ್ರೀ, ಹೇಗಿದೆ?" ಹೊಲಿಗೆ ಯಂತ್ರ ನಿಂತಿತು.

ಮೇಜಿನ ಮೇಲೆ ಫಾರಂ ಇತ್ತು. ಅದರ ಮೇಲೆ ಅವರ ಸಹಿ, ಸಹಿಯ ಮೇಲೆ ಮೊಹರು. ಯಜಮಾನರು ಗಂಟಲು ಸರಿಪಡಿಸಿಕೊಂಡರು.

"ಪರವಾಗಿಲ್ಲ," ಎಂದರು. "ಇನ್ನೊಂದು ನಾಲ್ಕು ಸೆಮಿಸ್ಟರ್ ಅಭ್ಯಾಸ ಬೇಕು."