ಬಂಗಡೆ ಕಟ್ಟಿಕೊಂಡು ಗುಡ್ಡ ಹತ್ತಿದ್ದು

ಮೀನು ತಿನ್ನುವವರು ಟ್ರೆಕ್ಕಿಂಗ್ ಹೋಗಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ಹೋಗಲೇಬೇಕೆಂದರೆ ಮೀನು ಸಿಗದ ಊರಿಗೆ ಹೋಗಬೇಕು. ಬಯಲುಸೀಮೆಯವರು ಗುಡ್ಡ ಹತ್ತುವಾಗ ಅವರ ತಲೆಯಲ್ಲಿ ಗುಡ್ಡವೊಂದೇ ಇರುತ್ತದೆ. ನಮ್ಮ ಕಾರವಾರ, ಅಂಕೋಲೆ ಕಡೆಯವರ ತಲೆಯ ಒಂದು ಮೂಲೆಯಲ್ಲಿ ಮಾತ್ರ ‘ಇವತ್ತು ಏನು ಮೀನು ಬಂದಿದೆಯೋ’ ಎಂಬ ಪ್ರಶ್ನೆ ಬೆಳಗಿನಿಂದಲೇ ಕಾಲು ಚಾಚಿ ಕೂತಿರುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ನನಗೆ ಅಂಥ ವೀಕ್‌ನೆಸ್ ಇಲ್ಲ, ಅದೆಲ್ಲ ನನ್ನ ನಾದಿನಿ ಶಾಲಿನಿಯದು ಎಂದು ಬಹಳ ಕಾಲ ನಂಬಿಕೊಂಡಿದ್ದೆ.

ಗುಡ್ಡದ ವಿಷಯಕ್ಕೆ ಬರುತ್ತೇನೆ. ಕಾರವಾರದಿಂದ ಅಂಕೋಲೆಗೆ ಹೋಗುವ ಲೋಕಲ್ ಬಸ್ಸಿನ ಬಲಗಡೆಯ ಕಿಟಕಿಯಲ್ಲಿ ಸಮುದ್ರ ಕಣ್ಣುಮುಚ್ಚಾಲೆ ಆಡುತ್ತ ಜೊತೆಗೇ ಬರುತ್ತದೆ. ಮಧ್ಯೆ ಒಂದು ಸ್ಟಾಪು. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರ ನಾನು ತಲುಪುವಷ್ಟರಲ್ಲಿ ನೀವು ಮೀನು ಖಾಲಿ ಮಾಡಿರುತ್ತೀರಿ. ಅಲ್ಲಿ ಇಳಿದರೆ ಎದುರಿಗೇ ಅರಣ್ಯ ಇಲಾಖೆಯವರು ಕಾಪಾಡಿಕೊಂಡಿರುವ ಗುಡ್ಡ. ಈಗೊಂದೆರಡು ವರ್ಷಗಳಿಂದ ಅಲ್ಲಿ ‘ನೇಚರ್ ಟ್ರೇಲ್’ ಆಗಿದೆ. ಬಂಡೆಗಳ ಮೇಲೆ ಹಳದಿ ಬಾಣ, ಮರಗಳ ಕೊರಳಿಗೆ ಲ್ಯಾಟಿನ್ ಹೆಸರಿನ ಫಲಕ, ನನ್ನಂಥವರಿಗೆ ಕೂರಲು ಸಿಮೆಂಟಿನ ಬೆಂಚು. ಕಾಲುದಾರಿ ಗೇರುಮರಗಳ ನಡುವೆ ಹತ್ತಿ ಇಳಿದು ಕೊನೆಗೆ ಸಮುದ್ರದ ಮೇಲೆ ಮೂಗು ಚಾಚಿದ ಒಂದು ಕರೀ ಬಂಡೆಯ ಮೇಲೆ ಮುಗಿಯುತ್ತದೆ.

ಆ ಬಂಡೆ ನನಗೆ ಬೇಕಾಗಿತ್ತು. ನನ್ನ ಅಜ್ಜನ ಮನೆ ಇದ್ದದ್ದು ಚೆಂಡಿಯಾದ ಕಡೆ, ಕಡಲಿಗೆ ಎಷ್ಟು ಹತ್ತಿರವೆಂದರೆ ಅಂಗಳದಲ್ಲಿ ಒಣಹಾಕಿದ ಸೀರೆ ಉಪ್ಪಾಗುತ್ತಿತ್ತು. ಆ ಜಾಗ ನೌಕಾನೆಲೆಗೆ ಹೋಯಿತು. ಸೋದರಮಾವಂದಿರು ಪುನರ್ವಸತಿ ಕಾಲೋನಿಗೆ ಬಂದರು. ಈಗ ಹೆದ್ದಾರಿಯಿಂದ ನೋಡಿದರೆ ಉದ್ದಕ್ಕೂ ಗೋಡೆ. ಸಣ್ಣ ಮಾವ ಒಮ್ಮೆ ಬಂದಾಗ, “ಆ ಬಂಡೆ ಮೇಲೆ ನಿಂತ್ರೆ ನಮ್ಮ ಕಡಲು ಪೂರಾ ಕಾಣ್ತದೆ ನೋಡು, ತೆಂಗಿನ ಮರ ಸಮೇತ” ಎಂದು ಹೇಳಿ ಚಹಾ ಕುಡಿದು ಹೋಗಿಬಿಟ್ಟರು. ನನಗೆ ನಿದ್ದೆ ಹಾರಿಹೋಯಿತು. ಡಾಕ್ಟರ್ ಬೇರೆ ನನ್ನ ಮೊಣಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಹತ್ತೋದೇನಾದ್ರೂ ಬಾಕಿ ಇದ್ರೆ ಈ ಸೀಸನ್‌ನಲ್ಲೇ ಮುಗಿಸಿಬಿಡಿ ಮೇಡಮ್” ಎಂದಿದ್ದರು. ಅವರು ತಮಾಷೆಗೆ ಹೇಳಿದ್ದು. ನಾನು ಸೀರಿಯಸ್ಸಾಗಿ ತೆಗೆದುಕೊಂಡೆ.

ಶಿರವಾಡದ ನಮ್ಮ ಮನೆಯಿಂದ ನಾವಿಬ್ಬರೂ ಹೊರಟೆವು. ನಾನು ಕ್ಯಾನ್ವಾಸ್ ಶೂ, ಶಾಲಿನಿ ಕೊಡೆ. ಕಂಡಕ್ಟರ್ ನನ್ನ ಕಾಲು ನೋಡಿ, “ಅಕ್ಕೋರು ಗುಡ್ಡಕ್ಕಾ ಮೀನಿಗಾ?” ಎಂದ. ಆ ಸ್ಟಾಪಿನಲ್ಲಿ ಇಳಿಯುವವರು ಎರಡೇ ಜಾತಿ. “ಗುಡ್ಡಕ್ಕೆ. ನೇಚರ್ ವಾಕ್” ಎಂದು ನಾನು ಸ್ಪಷ್ಟ ಉಚ್ಚಾರದಲ್ಲಿ ಹೇಳಿದೆ.

ತೊಂದರೆ ಇರುವುದೇ ಅಲ್ಲಿ. ಬಸ್ ನಿಲ್ಲುವುದು ಗುಡ್ಡದ ಬುಡದಲ್ಲಿ. ಗುಡ್ಡದ ಬುಡದಲ್ಲಿ ಮೀನಿನ ಗಂಗಕ್ಕ. ಆಕೆಯ ಬುಟ್ಟಿಯಲ್ಲಿ ಆಗಷ್ಟೇ ಬಲೆಯಿಂದ ಬಿಡಿಸಿದ ಬಂಗಡೆ, ಬೆನ್ನ ಮೇಲಿನ ನೀಲಿ ಪಟ್ಟೆ ಇನ್ನೂ ಮಾಸದೆ ಮಿರಮಿರ ಮಿಂಚುತ್ತ. ಶಾಲಿನಿಯ ನಡಿಗೆ ನಿಧಾನವಾಯಿತು.

“ವಾಪಸ್ ಬರುವಾಗ ತಕೊಂಡ್ರಾಯ್ತು, ನಡಿ” ಎಂದೆ.

ಗಂಗಕ್ಕ ತಲೆಯೆತ್ತದೆ, “ನೀವು ಗುಡ್ಡ ಸುತ್ತಿ ಬರೂತನಕ ಬಂಗಡೆ ನಿಮ್ಮ ದಾರಿ ಕಾಯ್ತದಾ? ಆಮೇಲೆ ಬಂದು ಬುಟ್ಟಿ ಮೂಸಬೇಕಾಗ್ತದೆ ನೋಡ್ರಾ” ಎಂದಳು.

“ಹೌದು ವೈನಿ, ಅವಳು ಹೇಳೂದ್ರಲ್ಲಿ ಲಾಜಿಕ್ ಅದೆ” ಎಂದಳು ಶಾಲಿನಿ. ಲಾಜಿಕ್ ಎಂಬ ಶಬ್ದ ಅವಳು ನನ್ನಿಂದಲೇ ಕಲಿತದ್ದು. ಮೀನು ಕೊಂಡೆವು. ಕೊಂಡ ಮೇಲೆ ಬಿಸಿಲಲ್ಲಿ ಹಿಡಿದು ತಿರುಗುವುದುಂಟೇ? ಮುಂದಿನ ಬಸ್ಸಿಗೆ ಮನೆಗೆ ಬಂದೆವು. ಶೂಗಳಿಗೆ ಗುಡ್ಡದ ಮಣ್ಣೂ ಹತ್ತಿರಲಿಲ್ಲ.

ಎರಡನೆಯ ಸಲ ಶೆಟ್ಲಿ, ಅಂದರೆ ಸಿಗಡಿ, ಬಂದಿತ್ತು. ಶೆಟ್ಲಿ ಕಂಡರೆ ನನ್ನ ನಾದಿನಿಗೆ ಬೇರೆ ಲೋಕವೇ ಕಾಣಿಸುವುದಿಲ್ಲ, ಇನ್ನು ಗುಡ್ಡ ಎಲ್ಲಿಂದ ಕಾಣಬೇಕು. ಆಗ ನಾನು ಪ್ಲಾನಿಂಗ್ ಮಾಡಿದೆ. ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ, ಆದ್ದರಿಂದ ಸೋಮವಾರ ಹೋಗುವುದು. ಹೋದೆವು. ಗಂಗಕ್ಕನ ಮುಂದೆ ಕತ್ತು ತಿರುಗಿಸದೆ ದಾಟಿದೆವು. ಗೇಟಿಗೆ ಬೀಗ. ಸೋಮವಾರ ಗುಡ್ಡಕ್ಕೆ ವಾರದ ರಜೆಯಂತೆ. ಶನಿವಾರವೂ ನಮಗೆ ಮೀನಿಲ್ಲ, ಆದರೆ ಅಂದು ಶಾಲಿನಿಗೆ ಉಪವಾಸ. ಉಪವಾಸದಲ್ಲಿ ಗುಡ್ಡ ಹತ್ತಿಸಿ ಅವಳಿಗೇನಾದರೂ ಆದರೆ ನನ್ನ ಯಜಮಾನರಿಗೆ ಯಾರು ಉತ್ತರ ಕೊಡುವುದು? ಅವರಿಗೆ ಇರುವುದು ಒಬ್ಬಳೇ ತಂಗಿ.

“ಮೀನು ತಕೊಂಡೇ ಹತ್ತುವ ವೈನಿ” ಎಂದು ಕೊನೆಗೆ ಶಾಲಿನಿಯೇ ದಾರಿ ತೋರಿಸಿದಳು. ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಐಸು, ಮೇಲೆ ಒದ್ದೆ ಬಟ್ಟೆ, ಎಲ್ಲ ಒಂದು ಕೈಚೀಲದಲ್ಲಿ. ಈ ಉಪಾಯ ಬಯಲುಸೀಮೆಯವರಿಗೆ ಹೊಳೆಯಲು ಸಾಧ್ಯವಿಲ್ಲ.

ಗೇಟಿನಲ್ಲಿ ಕಾವಲುಗಾರ ತಡೆದ. “ಆಹಾರ ಪದಾರ್ಥ ಒಳಗೆ ಒಯ್ಯೂ ಹಾಗಿಲ್ರಾ. ಬೋರ್ಡ್ ಅದೆ.”

“ಇದು ಆಹಾರ ಅಲ್ಲ, ಮೀನು” ಎಂದಳು ಶಾಲಿನಿ. “ಬೇಯಿಸಿದ ಮೇಲೆ ಆಹಾರ. ಈಗ ಸುಮ್ನೆ ಮೀನು.”

ನಾನು ನಾಚಿಕೆಯಿಂದ ಲ್ಯಾಟಿನ್ ಹೆಸರು ಓದುತ್ತ ನಿಂತೆ. ಅವನು ಡಬ್ಬಿಯ ಮುಚ್ಚಳ ತೆಗೆಸಿದ, ಬಗ್ಗಿದ, ಒಂದು ಬಂಗಡೆಯ ಕಿವಿರು ಎತ್ತಿ ನೋಡಿದ. ಅವನ ಮುಖದಲ್ಲಿದ್ದ ಸರಕಾರ ಇಳಿದುಹೋಯಿತು. “ಗಂಗಕ್ಕನ ಹತ್ರದ್ದಾ? ಇನ್ನೂ ಅದೆಯಾ?” ಎಂದು ಕೇಳಿದವನು ಉತ್ತರಕ್ಕೂ ಕಾಯದೆ ನಮ್ಮನ್ನು ಒಳಗೆ ಬಿಟ್ಟು ತಾನು ಹೊರಗೆ ಓಡಿದ.

ಹತ್ತಿದೆವು. ಮೊಣಕಾಲು ಪ್ರತಿ ತಿರುವಿನಲ್ಲೂ ಅರ್ಜಿ ಹಾಕುತ್ತಿತ್ತು, ನಾನು ತಿರಸ್ಕರಿಸುತ್ತ ನಡೆದೆ. ಮೊದಲ ಬೆಂಚಿನ ಹತ್ತಿರ ಒಂದು ನಾಯಿ ನಮ್ಮನ್ನು ಸೇರಿಕೊಂಡಿತು. ಗೇರುಮರಗಳು ಮುಗಿದು ಬಯಲು ಬಂಡೆ ಶುರುವಾದಾಗ ಮೇಲೆ ಒಂದು ಹದ್ದು ಸುತ್ತತೊಡಗಿತು, ನೋಡನೋಡುತ್ತ ಅದರ ಬಳಗವೇ ಬಂತು. ಶಾಲಿನಿ ಬಿಸಿಲಿಗೆಂದು ತಂದ ಕೊಡೆಯನ್ನು ಬಿಡಿಸಿ ಕೈಚೀಲದ ಮೇಲೆ ಹಿಡಿದಳು. ನನ್ನ ತಲೆ ಸುಡುತ್ತಿತ್ತು, ಬಂಗಡೆ ನೆರಳಿನಲ್ಲಿ ಬರುತ್ತಿತ್ತು. ಎದುರಿನಿಂದ ಬೈನಾಕ್ಯುಲರ್ ಹಾಕಿಕೊಂಡು ಬರುತ್ತಿದ್ದ ಪಕ್ಷಿವೀಕ್ಷಕರೊಬ್ಬರು ಆಕಾಶ ನೋಡಿ, “ಆಂಟಿ, ಇಷ್ಟು ಹತ್ತಿರದಲ್ಲಿ ಇವು ಸಾಮಾನ್ಯವಾಗಿ ಬರಲ್ಲ, ನೀವು ಲಕ್ಕಿ” ಎಂದರು. ನಾನು ಥ್ಯಾಂಕ್ಯೂ ಎಂದೆ.

ಕೊನೆಗೂ ಬಂಡೆ. ಉತ್ತರಕ್ಕೆ ತಿರುಗಿದೆ. ಅಲ್ಲಿತ್ತು. ಅಂಗೈಯಷ್ಟು ಸಣ್ಣ ಕೊಲ್ಲಿ, ಬಿಳಿ ಗೆರೆಯಂಥ ಮರಳು, ಗೋಡೆ, ಶೆಡ್ಡುಗಳು, ಇವುಗಳ ಮಧ್ಯೆ ಒಂದಷ್ಟು ತೆಂಗಿನ ಮರ. ಮನೆ ಎಲ್ಲಿತ್ತೆಂದು ಗೊತ್ತುಹಿಡಿಯಲು ಆಗಲಿಲ್ಲ. ಬಾವಿ ಈ ಕಡೆಗಿರಬೇಕು, ದೋಣಿ ಎಳೆದಿಡುತ್ತಿದ್ದದ್ದು ಆ ಕಡೆ ಎಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದೆ. ನಮ್ಮ ಸ್ಕೂಲಿನ ಸಿಸ್ಟರ್ ಪಿಕ್‌ನಿಕ್‌ಗೆ ಕರೆದೊಯ್ದಾಗ, ಸುಂದರವಾದದ್ದರ ಮುಂದೆ ಸೈಲೆಂಟಾಗಿ ನಿಲ್ಲಬೇಕು ಗರ್ಲ್ಸ್ ಎನ್ನುತ್ತಿದ್ದರು. ನಿಂತೆ. ಕನ್ನಡಕ ಮಂಜಾಯಿತು.

ಶಾಲಿನಿ ಕೊಡೆ ಮಡಚಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, “ಕೂತ್ಕೊಳ್ಳಿ ವೈನಿ. ಇಷ್ಟು ದೂರ ಬಂದದ್ದು ಇದಕ್ಕೇ ಅಲ್ವಾ. ಮುಂದಿನ ಬಸ್ಸಿಗೆ ಹೋಗುವ” ಎಂದಳು.

ಆಗ ನನ್ನ ಬಾಯಿಂದ ಮಾತು ಹೊರಬಿತ್ತು. “ಏಳು ಏಳು, ಮೀನು ಹಾಳಾಗ್ತದೆ.”

ಆ ದನಿ ನನ್ನದಾಗಿರಲಿಲ್ಲ. ಅದೇ ಮರಳಿನ ಮೇಲೆ ಅಲೆ ನೋಡುತ್ತ ಮೈಮರೆತ ಮೊಮ್ಮಗಳನ್ನು ನನ್ನ ಅಜ್ಜಿ ಎಬ್ಬಿಸುತ್ತಿದ್ದದ್ದು ಇದೇ ಮಾತಿನಿಂದ, ಇದೇ ಸಿಡುಕಿನಲ್ಲಿ. ಅಷ್ಟು ದೂರ ಕಣ್ಣು ಕಿರಿದು ಮಾಡಿ ಹುಡುಕಿದರೂ ಕಾಣದ ಅಜ್ಜಿ ನನ್ನ ಗಂಟಲಲ್ಲೇ ಕೂತಿದ್ದಳು. ಶಾಲಿನಿಗೆ ಇದನ್ನು ವಿವರಿಸಹೋದೆ. ಅವಳು ಆಗಲೇ ನಗುತ್ತ ಡಬ್ಬಿಯ ಮುಚ್ಚಳ ಬಿಗಿಮಾಡುತ್ತಿದ್ದಳು.

ಅಂದಿನ ಬಂಗಡೆ ಸಾರು, ನಮ್ಮ ಹುಮಣ, ಚೆನ್ನಾಗಿತ್ತು. ಆದರೆ ಅದನ್ನು ಬಡಿಸುವಾಗಲೇ ಶಾಲಿನಿ ತನ್ನ ಅಣ್ಣನಿಗೆ, “ಅಜ್ಜನ ಕಡಲು ನೋಡ್ತೆ ನೋಡ್ತೆ ಅಂತ ಅಷ್ಟು ಸಲ ಬಸ್ ಹತ್ತಿಸಿದ್ರು. ಕಂಡ ಮೇಲೆ ಬಂಗಡೆ ಹಾಳಾಗ್ತದೆ ಅಂತ ನನ್ನ ಎಳ್ಕೊಂಡು ಬಂದ್ರು ನೋಡು ಅಣ್ಣಾ” ಎಂದು ವರದಿ ಒಪ್ಪಿಸಿದಳು. ಈಗ ಅದು ಹಣಕೋಣದ ಬೀಗರ ಮನೆಯವರೆಗೂ ತಲುಪಿದೆ. ಅಜ್ಜಿಯ ದನಿಯ ಭಾಗವನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ.

ಮೊಣಕಾಲು ಊದಿ ಇಳಿದಿದೆ. ಮೊನ್ನೆ ಭಾನುವಾರ ಮತ್ತೆ ಅದೇ ಬಸ್ಸು, ಅದೇ ಕ್ಯಾನ್ವಾಸ್ ಶೂ. ಕಂಡಕ್ಟರ್ ಬಂದು, “ಅಕ್ಕೋರು ಗುಡ್ಡಕ್ಕಾ ಮೀನಿಗಾ?” ಎಂದು ಕೇಳಿದ. ಶಾಲಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. ನಾನು ಕಿಟಕಿಯ ಕಡೆ ತಿರುಗಿ, “ಎರಡು ಟಿಕೆಟ್ ಕೊಡಪ್ಪ” ಎಂದೆ. ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯನ್ನು ಸೆರಗಿನಿಂದ ಮುಚ್ಚಿಕೊಂಡೆ.